ಕ್ಲಬ್ಬಿಗೆ ಸ್ವಂತ ಮೀಸಲು ತಂಡ ಬೇಕೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಯ ಪ್ರಶ್ನೋತ್ತರವನ್ನು ಪೂರ್ತಿಯಾಗಿ ಫುಟ್‌ಬಾಲ್ ಕ್ಲಬ್‌ಗಳ ಎರಡನೇ ತಂಡಕ್ಕೆ ಬಿಟ್ಟಿದ್ದೇವೆ. ರಿಸರ್ವ್ ತಂಡ, ಬಿ ತಂಡ, ಅಂಡರ್ 21 ಎಂದು ಹೆಸರು ಹಲವು. ಕ್ಲಬ್ ನಡೆಸುವವರು, ಕೋಚ್‌ಗಳು, ಆಡುವ ಹುಡುಗರ ತಂದೆ-ತಾಯಿ ಎಲ್ಲರೂ ಬರೆದಿದ್ದಾರೆ.

ಪ್ರಶ್ನೆ: ನಮ್ಮದು ಬೆಂಗಳೂರು ಜಿಲ್ಲಾ ಲೀಗಿನ ಎ ಡಿವಿಜನ್ ಕ್ಲಬ್. 24 ಆಟಗಾರರ ನೋಂದಣಿ ಇದೆ. ಪ್ರತಿ ಪಂದ್ಯದಲ್ಲೂ ಏಳೆಂಟು ಮಂದಿ ಆಡದೆಯೇ ಮನೆಗೆ ಹೋಗುತ್ತಾರೆ. ಅವರಿಗಾಗಿ ಎರಡನೇ ತಂಡ ಕಟ್ಟಿ ಕೆಳಗಿನ ಡಿವಿಜನ್‌ನಲ್ಲಿ ಆಡಿಸೋಣ ಎಂದು ಸಮಿತಿಯಲ್ಲಿ ಕೆಲವರ ಒತ್ತಾಯ. ಮಾಡಬಹುದೇ?
ಕ್ಲಬ್ ಕಾರ್ಯದರ್ಶಿ, ಬೆಂಗಳೂರು

ಉತ್ತರ: ಆ ಏಳೆಂಟು ಮಂದಿಗಷ್ಟೇ ಆದರೆ ಬೇಡ. ಒಮ್ಮೆ ಲೆಕ್ಕ ಹಾಕಿ. ಹನ್ನೊಂದು ಮಂದಿ ಮೊದಲಿನಿಂದ ಆಡುತ್ತಾರೆ. ಐದು ಬದಲಿಗೆ ಅವಕಾಶವಿದ್ದರೆ ಹದಿನಾರು ಮಂದಿಗೆ ಆಟ ಸಿಕ್ಕಿತು. ಉಳಿದ ಎಂಟರಲ್ಲಿ ಒಬ್ಬನೋ ಇಬ್ಬರೋ ಗೋಲ್‌ಕೀಪರ್, ಒಬ್ಬ ಗಾಯಾಳು, ಇನ್ನೊಬ್ಬ ಕಾರ್ಡ್ ತಿಂದು ಹೊರಗೆ ಕೂತವನು. ನಿಜಕ್ಕೂ ಕೈಗೆ ಸಿಗುವವರು ನಾಲ್ಕೈದು ಜನ. ಎರಡನೇ ತಂಡಕ್ಕೆ ಪಂದ್ಯದ ದಿನ ಕನಿಷ್ಠ 16 ಮಂದಿ ಬೇಕು. ಪರೀಕ್ಷೆ, ಜ್ವರ, ಊರಿನ ಮದುವೆ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದರೆ 18ರಿಂದ 20 ಮಂದಿಯ ನೋಂದಣಿ ಆಗಬೇಕು. ಅಂದರೆ ಹೊಸದಾಗಿ ಹದಿನಾಲ್ಕು ಹುಡುಗರು. ನಾಲ್ಕೈದು ಜನರಿಗೆ ಆಟ ಕೊಡಲು ಹೊರಟು ಹದಿನಾಲ್ಕು ಜನರ ಹೊಣೆ ಹೊತ್ತಂತಾಯಿತು. ಸಮಿತಿ ಚರ್ಚಿಸಬೇಕಾದದ್ದು ಈ ಹದಿನಾಲ್ಕು ಮಂದಿಯ ವಿಷಯವನ್ನು.

ಬೆಂಚಿನವರಿಗೆ ಆಟ ಸಿಕ್ಕರೆ ಸಾಕು ಎಂದಾದರೆ ಅಗ್ಗದ ದಾರಿ ಇದೆ. ನಿಮ್ಮಂಥದ್ದೇ ತೊಂದರೆ ಇರುವ ಇನ್ನೆರಡು ಕ್ಲಬ್‌ಗಳ ಜೊತೆ ಮಾತಾಡಿ, ಲೀಗ್ ಪಂದ್ಯದ ಮರುದಿನ ಅಥವಾ ಅದರ ಮಾರನೇ ದಿನ ಸೌಹಾರ್ದ ಪಂದ್ಯ ಇಟ್ಟುಕೊಳ್ಳಿ. 30 ನಿಮಿಷದ ಮೂರು ಭಾಗ ಆಡಿಸಿ, ಬದಲಿಗೆ ಮಿತಿ ಬೇಡ. ಜನ ಕಡಿಮೆಯಾದರೆ ನಿಮ್ಮದೇ ಅಂಡರ್ 18 ಹುಡುಗರನ್ನು ಸೇರಿಸಿಕೊಳ್ಳಿ. ಋತುವಿಗೆ ಹತ್ತು ಹನ್ನೆರಡು ಇಂಥ ಪಂದ್ಯ ಆದರೆ ಬೆಂಚಿನವರ ಕಾಲು ಆಟದಲ್ಲಿ ಉಳಿಯುತ್ತದೆ. ಖರ್ಚು ಮೈದಾನದ ಬಾಡಿಗೆ, ರೆಫರಿ, ನೀರು, ಐಸ್. ಅಷ್ಟೇ.

ಎರಡನೇ ತಂಡ ಕಟ್ಟಲೇಬೇಕಾದ ಸಂದರ್ಭವೂ ಇದೆ. ನಿಮ್ಮ ಅಂಡರ್ 18 ತಂಡದಿಂದ ಪ್ರತಿ ವರ್ಷ ಆರೇಳು ಹುಡುಗರು ವಯಸ್ಸು ಮೀರಿ ಹೊರಬರುತ್ತಿದ್ದು, ಅವರಲ್ಲಿ ಒಬ್ಬಿಬ್ಬರಿಗಷ್ಟೇ ಸೀನಿಯರ್ ತಂಡದಲ್ಲಿ ಜಾಗವಿದ್ದರೆ, ಉಳಿದವರನ್ನು ನೀವಾಗಿಯೇ ಬೀದಿಗೆ ಬಿಡುತ್ತಿದ್ದೀರಿ. ಡಿಫೆಂಡರ್‌ಗಳೂ ಗೋಲ್‌ಕೀಪರ್‌ಗಳೂ ಪಳಗುವುದು ಇಪ್ಪತ್ತು ದಾಟಿದ ಮೇಲೆ. ಹದಿನೆಂಟಕ್ಕೇ ಅವರನ್ನು ಕೈಬಿಡುವುದು ಏಳೆಂಟು ವರ್ಷ ಕಲಿಸಿದ್ದನ್ನು ಬೇರೆಯವರಿಗೆ ದಾನ ಮಾಡಿದಂತೆ. ಅಂಥ ಕ್ಲಬ್‌ಗೆ ಎರಡನೇ ತಂಡ ಬೇಕೇ ಬೇಕು.

ಕಟ್ಟುವುದಾದರೆ ಮೊದಲ ಕೆಲಸ ಜೆರ್ಸಿ ಹೊಲಿಸುವುದಲ್ಲ. ಲೀಗಿನ ನಿಯಮ ಪುಸ್ತಕ ತೆಗೆದುಕೊಂಡು ಅಸೋಸಿಯೇಷನ್ ಕಚೇರಿಗೆ ಹೋಗಿ ನಾಲ್ಕು ವಿಷಯಕ್ಕೆ ಬರಹದಲ್ಲಿ ಉತ್ತರ ಪಡೆಯಿರಿ. ಒಂದೇ ಕ್ಲಬ್ಬಿನ ಎರಡು ತಂಡಕ್ಕೆ ಅವಕಾಶವಿದೆಯೇ? ಒಬ್ಬ ಆಟಗಾರ ಎರಡೂ ತಂಡದಲ್ಲಿ ಆಡಬಹುದೇ, ಮೇಲಿನ ಡಿವಿಜನ್‌ನಲ್ಲಿ ಎಷ್ಟು ಪಂದ್ಯ ಆಡಿದ ಮೇಲೆ ಕೆಳಗೆ ಇಳಿಯುವಂತಿಲ್ಲ? ಒಂದು ತಂಡದಲ್ಲಿ ಬಿದ್ದ ಅಮಾನತು ಇನ್ನೊಂದಕ್ಕೂ ಲಾಗುವೇ? ಎರಡೂ ತಂಡ ಒಂದೇ ಡಿವಿಜನ್‌ಗೆ ಬಂದರೆ ಏನಾಗುತ್ತದೆ? ಅನರ್ಹ ಆಟಗಾರನನ್ನು ಇಳಿಸಿದರೆ ಸಾಮಾನ್ಯವಾಗಿ ಪಂದ್ಯ 0–3ರಿಂದ ಕೈತಪ್ಪುತ್ತದೆ. ಎರಡು ತಂಡ ನಡೆಸುವ ಕ್ಲಬ್‌ಗಳು ಎಡವುವುದು ಹೆಚ್ಚಾಗಿ ಇಲ್ಲೇ. ಕಾರ್ಡ್‌ಗಳ ಲೆಕ್ಕ ಇಡಲು ಒಬ್ಬರನ್ನೇ ನೇಮಿಸಿ. ಇಬ್ಬರು ಮ್ಯಾನೇಜರ್‌ಗಳು ಎರಡು ಪುಸ್ತಕದಲ್ಲಿ ಬರೆದುಕೊಂಡರೆ ಒಂದು ಕಾರ್ಡ್ ಎಲ್ಲೋ ತಪ್ಪಿಹೋಗುತ್ತದೆ.

ಇನ್ನು ನಡೆಸುವ ಬಗೆ. ತಂಡ ಒಡೆಯುವುದು ದುಡ್ಡಿನ ಕೊರತೆಗಿಂತ ಹೆಚ್ಚಾಗಿ ಒಂದು ಅಭ್ಯಾಸದಿಂದ: ಸೀನಿಯರ್ ಕೋಚ್ ಪಂದ್ಯದ ಬೆಳಿಗ್ಗೆ ಫೋನ್ ಮಾಡಿ "ಐದು ಜನರನ್ನು ಕಳಿಸ್ತಿದ್ದೀನಿ, ಆಡಿಸು" ಅನ್ನುವುದು. ವಾರವಿಡೀ ಬೆವರು ಸುರಿಸಿದ ಐವರು ಹುಡುಗರು ಬೆಂಚಿಗೆ ಹೋಗುತ್ತಾರೆ. ಮೇಲಿನಿಂದ ಬಂದವರು ಮನಸ್ಸಿಲ್ಲದೆ ಆಡುತ್ತಾರೆ. ಮೂರನೇ ಸಲ ಹೀಗಾದಾಗ ಅಭ್ಯಾಸಕ್ಕೆ ಬರುವವರ ಸಂಖ್ಯೆ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ಗೋಲ್‌ಕೀಪರ್ ಬಿಟ್ಟು ಮೂವರಿಗಿಂತ ಹೆಚ್ಚು ಮಂದಿ ಕೆಳಗಿಳಿಯಬಾರದು, ಹೆಸರು 48 ಗಂಟೆ ಮೊದಲೇ ಗೊತ್ತಾಗಬೇಕು ಎಂದು ಋತುವಿನ ಆರಂಭದಲ್ಲೇ ಬರೆದಿಡಿ. ಮೇಲೆ ಹತ್ತುವ ದಾರಿಯೂ ಕಾಣುತ್ತಿರಬೇಕು. ವಾರಕ್ಕೆ ಒಂದು ದಿನ ಎರಡನೇ ತಂಡದ ಇಬ್ಬರು ಸೀನಿಯರ್‌ಗಳ ಜೊತೆ ಅಭ್ಯಾಸ ಮಾಡಲಿ, ಪ್ರತಿ ವಾರ ಬೇರೆ ಇಬ್ಬರು. ಮತ್ತು ಯಾರೂ ಎರಡು ಋತುವಿಗಿಂತ ಹೆಚ್ಚು ಅಲ್ಲೇ ಉಳಿಯಬಾರದು. ಎರಡು ವರ್ಷ ಮುಗಿದಾಗ ಮೇಲಕ್ಕೆ, ಲೋನ್ ಮೇಲೆ (ಸ್ವಲ್ಪ ಕಾಲಕ್ಕೆ ಬೇರೆ ಕ್ಲಬ್ಬಿಗೆ ಎರವಲಾಗಿ) ಹೊರಕ್ಕೆ, ಇಲ್ಲವೇ ಬಿಡುಗಡೆ. ಈ ಮೂರರಲ್ಲಿ ಒಂದನ್ನು ಹುಡುಗನಿಗೆ ನೇರವಾಗಿ ಹೇಳಬೇಕು.

ಪ್ರಶ್ನೆ: ಬೆಂಗಳೂರು ಎಫ್‌ಸಿಗೆ ಅದರ ಬಿ ತಂಡದಿಂದ ಏನು ಸಿಕ್ಕಿತು?
ಓದುಗರು, ಹುಬ್ಬಳ್ಳಿ

ಉತ್ತರ: ಸೀನಿಯರ್ ತಂಡದಲ್ಲಿ ಆಡುವ ಹುಡುಗರು ಸಿಕ್ಕರು. ಬಿ ತಂಡದಿಂದ ಬಂದ ಮಣಿಪುರದ ರೋಶನ್ ಸಿಂಗ್ ನವೋರೆಮ್ 2021–22ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ ಉದಯೋನ್ಮುಖ ಆಟಗಾರ ಪ್ರಶಸ್ತಿ ಪಡೆದರು. 2022ರಲ್ಲಿ ಗೋವಾದಲ್ಲಿ ಮೊದಲ ಬಾರಿಗೆ ನಡೆದ ರಿಲಯನ್ಸ್ ಫೌಂಡೇಷನ್ ಡೆವಲಪ್‌ಮೆಂಟ್ ಲೀಗ್ ಅನ್ನು ಗೆದ್ದದ್ದು ಬೆಂಗಳೂರು ಎಫ್‌ಸಿಯ ಯುವ ತಂಡ. ಅದರಲ್ಲಿ ಗೋಲು ಹೊಡೆದು ಮಿಂಚಿದ ತಮಿಳುನಾಡಿನ ಶಿವಶಕ್ತಿ ನಾರಾಯಣನ್ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕೋಲ್ಕತ್ತದಲ್ಲಿ ಮುಂಬೈ ಸಿಟಿ ವಿರುದ್ಧದ ಡ್ಯುರಾಂಡ್ ಕಪ್ ಫೈನಲ್‌ನಲ್ಲಿ ಮೊದಲ ಗೋಲು ಹೊಡೆದರು. ಬೆಂಗಳೂರು 2–1ರಿಂದ ಗೆದ್ದಿತು. 2024ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನದೇ ಹುಡುಗ ವಿನಿತ್ ವೆಂಕಟೇಶ್ ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಏಕೈಕ ಗೋಲು ಹೊಡೆದು ಪಂದ್ಯ ಗೆಲ್ಲಿಸಿದರು.

ಇಲ್ಲಿ ಗಮನಿಸಬೇಕಾದದ್ದು ಈ ಹುಡುಗರಿಗೆ ಸಿಕ್ಕ ಪಂದ್ಯಗಳ ಬಗೆ. ಡೆವಲಪ್‌ಮೆಂಟ್ ಲೀಗ್‌ನಲ್ಲಿ ಎದುರಾಳಿಗಳು ಬಹುಪಾಲು ಇಪ್ಪತ್ತರ ಆಸುಪಾಸಿನವರು. ಚೆಂಡು ವೇಗವಾಗಿ ಓಡುತ್ತದೆ, ಓಟದ ಮೇಲೆ ಓಟ. ನಗರದ ಸೂಪರ್ ಡಿವಿಜನ್‌ನಲ್ಲಿ ಎದುರಿಗೆ ನಿಲ್ಲುವವನು ಯಾವುದೋ ಇಲಾಖೆ ತಂಡದ ಮೂವತ್ತು ದಾಟಿದ ಸ್ಟಾಪರ್, ಅಂದರೆ ನಡುವೆ ನಿಂತು ಗೋಲು ಕಾಯುವ ಡಿಫೆಂಡರ್. ಓಟ ಕಡಿಮೆ, ಆದರೆ ಎಲ್ಲಿ ನಿಲ್ಲಬೇಕು, ಯಾವಾಗ ಭುಜ ಕೊಡಬೇಕು, ರೆಫರಿ ಕಣ್ಣು ಎಲ್ಲಿದೆ ಎಂದು ಅವನಿಗೆ ಗೊತ್ತು. ಫಾರ್ವರ್ಡ್ ಹುಡುಗ ಇಬ್ಬರ ಎದುರೂ ಆಡಬೇಕು. ಬರೀ ಸಮವಯಸ್ಕರ ಲೀಗ್ ಆಡಿ ಬಂದವನು ಸೀನಿಯರ್ ಪಂದ್ಯದಲ್ಲಿ ಮೊದಲ ಡಿಕ್ಕಿಗೇ ಚೆಂಡು ಬಿಟ್ಟುಕೊಡುತ್ತಾನೆ. ಒಂದನ್ನೇ ಆರಿಸಿಕೊಳ್ಳಿ ಎಂದರೆ ನಾವು ನಗರದ ಲೀಗನ್ನೇ ಆರಿಸುತ್ತೇವೆ.

ಪ್ರಶ್ನೆ: ನಾನಿರುವುದು ಪಶ್ಚಿಮ ಲಂಡನ್‌ನಲ್ಲಿ, ಬ್ರೆಂಟ್‌ಫರ್ಡ್ ಮೈದಾನಕ್ಕೆ ಹತ್ತಿರ. ಈ ಕ್ಲಬ್ ಹಿಂದೆ ಅಕಾಡೆಮಿ ಮುಚ್ಚಿ ಬಿ ತಂಡ ಮಾತ್ರ ಇಟ್ಟುಕೊಂಡಿತ್ತಂತೆ. ಯಾಕೆ? ನಮ್ಮೂರಿನ ಕ್ಲಬ್‌ಗಳೂ ಹಾಗೆ ಮಾಡಬಹುದೇ?
ಕನ್ನಡಿಗ ಓದುಗರು, ಲಂಡನ್

ಉತ್ತರ: 2016ರಲ್ಲಿ ಮುಚ್ಚಿದ್ದು ನಿಜ. ಇಂಗ್ಲೆಂಡಿನಲ್ಲಿ 2012ರಿಂದ ಜಾರಿಗೆ ಬಂದ ಯುವ ಆಟಗಾರರ ಯೋಜನೆಯಲ್ಲಿ ದೊಡ್ಡ ಕ್ಲಬ್ ಚಿಕ್ಕ ಕ್ಲಬ್ಬಿನ ಹುಡುಗನನ್ನು ಒಯ್ದರೆ ಕೊಡಬೇಕಾದ ಪರಿಹಾರಕ್ಕೆ ನಿಗದಿತ ದರವಿದೆ, ಅದೂ ಕಡಿಮೆ. ಬ್ರೆಂಟ್‌ಫರ್ಡ್ ಬೆಳೆಸಿದ ಇಯಾನ್ ಪೊವೇಡಾ ಮ್ಯಾಂಚೆಸ್ಟರ್ ಸಿಟಿಗೆ, ಜೋಶ್ ಬೊಹುಯಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹದಿನಾರರ ಆಸುಪಾಸಿನಲ್ಲೇ ಹೋದರು. ಸುತ್ತಲೂ ಚೆಲ್ಸಿ, ಫುಲ್‌ಹ್ಯಾಮ್‌ನಂಥ ಕ್ಲಬ್‌ಗಳು. ಎಂಟು ವರ್ಷದ ಮಕ್ಕಳಿಂದ ಶುರುಮಾಡಿ ಕೋಚಿಂಗ್‌ಗೆ ದುಡ್ಡು ಸುರಿದು, ಫಲ ಬರುವ ಹೊತ್ತಿಗೆ ಪಕ್ಕದವರು ಕೊಯ್ದುಕೊಂಡು ಹೋದರೆ ಯಾವ ಕ್ಲಬ್ ತಾಳೀತು?

ಅವರು ಲೆಕ್ಕವನ್ನು ತಿರುಗಿಸಿದರು. ದೊಡ್ಡ ಅಕಾಡೆಮಿಗಳು 17ರಿಂದ 20ರ ವಯಸ್ಸಿನಲ್ಲಿ ಕೈಬಿಡುವ ಹುಡುಗರೂ ಹೊರದೇಶದ ಚಿಕ್ಕ ಲೀಗ್‌ಗಳ ಹುಡುಗರೂ ಬಿ ತಂಡಕ್ಕೆ ಬಂದರು. ಈ ತಂಡ ಅಕಾಡೆಮಿ ಲೀಗ್‌ನಿಂದ ಹೊರಗಿದ್ದದ್ದರಿಂದ ಪಂದ್ಯಗಳನ್ನು ತಾವೇ ಹೊಂದಿಸಿಕೊಂಡರು: ಒಂದು ವಾರ ಲೀಗೇತರ (ಮೇಲಿನ ನಾಲ್ಕು ದರ್ಜೆಗಳ ಕೆಳಗೆ ಆಡುವ) ಕ್ಲಬ್ಬಿನ ಗಟ್ಟಿ ಆಳುಗಳು, ಇನ್ನೊಂದು ವಾರ ಯುರೋಪಿನ ಕ್ಲಬ್ಬೊಂದರ ಯುವಕರು. ಸೀನಿಯರ್ ತಂಡದ ಆಟದ ಪದ್ಧತಿಯೇ ಬಿ ತಂಡಕ್ಕೂ. ಈ ದಾರಿಯಲ್ಲಿ ಮೇಲೆ ಬಂದ ಡಿಫೆಂಡರ್ ಕ್ರಿಸ್ ಮೆಫಮ್ 2019ರ ಜನವರಿಯಲ್ಲಿ ಬೋರ್ನ್‌ಮತ್‌ಗೆ ಮಾರಾಟವಾದಾಗ ವರದಿಯಾದ ಮೊತ್ತ ಸುಮಾರು 1.2 ಕೋಟಿ ಪೌಂಡ್. ಬ್ರೆಂಟ್‌ಫರ್ಡ್ 2021ರಲ್ಲಿ ಪ್ರೀಮಿಯರ್ ಲೀಗ್‌ಗೆ ಏರಿತು. ಅಲ್ಲಿ ಅಕಾಡೆಮಿ ಕಡ್ಡಾಯವಾದ್ದರಿಂದ 2022ರಲ್ಲಿ ಮತ್ತೆ ತೆರೆಯಿತು.

ಕರ್ನಾಟಕದಲ್ಲಿ ಇದನ್ನು ಹಾಗೆಯೇ ಇಳಿಸಲಾಗದು. ಅಲ್ಲಿ ಅಕಾಡೆಮಿಗಳು ವರ್ಷ ವರ್ಷ ನೂರಾರು ಪಳಗಿದ ಹುಡುಗರನ್ನು ಕೈಬಿಡುತ್ತವೆ, ಹೆಕ್ಕಿಕೊಂಡರಾಯಿತು. ನಮ್ಮಲ್ಲಿ ಹದಿನೆಂಟು ತುಂಬಿದ, ಹತ್ತು ವರ್ಷ ಸರಿಯಾಗಿ ಕಲಿತ ಹುಡುಗರೇ ವಿರಳ. ಇಲ್ಲಿ ಕಿರಿಯರ ತಂಡಗಳನ್ನು ಮುಚ್ಚಿದ ಕ್ಲಬ್ ಬಿ ತಂಡಕ್ಕೆ ಆಟಗಾರರನ್ನು ಎಲ್ಲಿಂದ ತರುತ್ತದೆ? ಅವರಿಂದ ಕಲಿಯಬೇಕಾದದ್ದು ಪಂದ್ಯಗಳನ್ನು ತಾವೇ ಆರಿಸಿ ಹೊಂದಿಸಿದ ಕ್ರಮವನ್ನು.

ಪ್ರಶ್ನೆ: ರಿಯಲ್ ಮ್ಯಾಡ್ರಿಡ್‌ನ ಎರಡನೇ ತಂಡ ಕಾಸ್ಟಿಯಾ ಎರಡನೇ ದರ್ಜೆಯ ಲೀಗ್ ಗೆದ್ದರೂ ಮೇಲೇರಲಿಲ್ಲ ಎಂದು ಓದಿದೆ. ಗೆದ್ದವರನ್ನು ತಡೆಯುವುದು ಅನ್ಯಾಯವಲ್ಲವೇ?
ವಿದ್ಯಾರ್ಥಿ, ಮೈಸೂರು

ಉತ್ತರ: ಕಾಸ್ಟಿಯಾ ಗೆದ್ದದ್ದು 1983–84ರಲ್ಲಿ. ಒಂದೇ ಕ್ಲಬ್ಬಿನ ಎರಡು ತಂಡ ಒಂದೇ ದರ್ಜೆಯಲ್ಲಿದ್ದರೆ ಕೊನೆಯ ವಾರ ಅಂಕ ಬಿಟ್ಟುಕೊಟ್ಟರೆಂಬ ಅನುಮಾನ ತಪ್ಪಿದ್ದಲ್ಲ. ಅದಕ್ಕೇ ಎರಡನೇ ತಂಡ ತಾಯಿ ಕ್ಲಬ್ ಇರುವ ದರ್ಜೆಗೆ ಏರುವಂತಿಲ್ಲ ಎಂಬ ನಿಯಮ, ನಮ್ಮ ಮಟ್ಟಿಗೆ ನ್ಯಾಯವೇ. 1980ರಲ್ಲಿ ಇದೇ ಕಾಸ್ಟಿಯಾ ಸ್ಪೇನಿನ ರಾಜರ ಕಪ್ ಫೈನಲ್ ತಲುಪಿ ತನ್ನ ತಾಯಿ ಕ್ಲಬ್ಬಿನ ಎದುರೇ 1–6ರಿಂದ ಸೋತಿತ್ತು. ಈಗ ಎರಡನೇ ತಂಡಗಳಿಗೆ ಆ ಕಪ್‌ನಲ್ಲಿ ಪ್ರವೇಶವಿಲ್ಲ. 2017–18ರಲ್ಲಿ ಯೋಂಗ್ ಅಯಾಕ್ಸ್ ಡಚ್ ಎರಡನೇ ದರ್ಜೆಯನ್ನೂ, 2019–20ರಲ್ಲಿ ಬಾಯರ್ನ್‌ನ ಎರಡನೇ ತಂಡ ಜರ್ಮನಿಯ ಮೂರನೇ ದರ್ಜೆಯನ್ನೂ ಗೆದ್ದು ಅಲ್ಲಲ್ಲೇ ಉಳಿದವು.

ಕಠಿಣವಾದದ್ದು ಇದೇ ನಿಯಮದ ಇನ್ನೊಂದು ಮುಖ. 2011–12ರಲ್ಲಿ ವಿಯಾರಿಯಲ್ ಮೊದಲ ದರ್ಜೆಯಿಂದ ಜಾರಿತು. ಎರಡನೇ ದರ್ಜೆಯಲ್ಲಿ ಉಳಿಯುವಷ್ಟು ಆಡಿದ್ದರೂ ಅದರ ಬಿ ತಂಡ ಮೂರನೆಯದಕ್ಕೆ ಇಳಿಯಬೇಕಾಯಿತು. ಹಿರಿಯರ ಸೋಲಿಗೆ ಕಿರಿಯರು ದಂಡ ತೆತ್ತರು. ಎರಡೂ ತಂಡ ಅಕ್ಕಪಕ್ಕದ ದರ್ಜೆಯಲ್ಲಿರುವ ಕ್ಲಬ್ ಇದನ್ನು ಮೊದಲೇ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು.

ಪ್ರಶ್ನೆ: ಎರಡನೇ ತಂಡದ ಖರ್ಚಿಗಿಂತ ಹುಡುಗರನ್ನು ಲೋನ್ ಮೇಲೆ ಕಳಿಸುವುದು ಲಾಭವಲ್ಲವೇ?
ಓದುಗರು, ಬೆಳಗಾವಿ

ಉತ್ತರ: ಸೀನಿಯರ್ ಮಟ್ಟಕ್ಕೆ ಆಗಲೇ ಸಿದ್ಧನಾದವನಿಗೆ ಲೋನ್ ಒಳ್ಳೆಯದು. ಅರ್ಧ ಬೆಂದವನಿಗೆ ಅಲ್ಲ. ಲೋನ್ ಪಡೆದ ಕ್ಲಬ್ಬಿಗೆ ತನ್ನ ಅಂಕಗಳ ಚಿಂತೆ. ಎರಡು ಪಂದ್ಯ ಕೆಟ್ಟರೆ ಹುಡುಗ ಅಲ್ಲೂ ಬೆಂಚಿಗೆ ಹೋಗುತ್ತಾನೆ, ವರ್ಗಾವಣೆ ಅವಧಿ ತೆರೆಯುವವರೆಗೆ ವಾಪಸ್ ಕರೆಸುವುದೂ ಕಷ್ಟ. ಜೊತೆಗೆ ಫಿಫಾ ನಿಯಮದ ಪ್ರಕಾರ ಒಬ್ಬ ಆಟಗಾರ ಒಂದು ಋತುವಿನಲ್ಲಿ ಮೂರು ಕ್ಲಬ್‌ಗಳಲ್ಲಿ ನೋಂದಣಿಯಾಗಬಹುದು, ಆದರೆ ಅಧಿಕೃತ ಪಂದ್ಯ ಆಡಬಹುದಾದದ್ದು ಸಾಮಾನ್ಯವಾಗಿ ಎರಡರಲ್ಲಿ ಮಾತ್ರ. ನಿಮ್ಮಲ್ಲಿ ಒಂದು ಪಂದ್ಯ ಆಡಿ ಲೋನ್ ಹೋದವನಿಗೆ ಆ ಜಾಗ ಒಗ್ಗದಿದ್ದರೆ ಮೂರನೇ ಕ್ಲಬ್ಬಿನ ಬಾಗಿಲು ಮುಚ್ಚಿರುತ್ತದೆ. ಸ್ವಂತ ಎರಡನೇ ತಂಡ ಅದೇ ಕ್ಲಬ್ ಆದ್ದರಿಂದ ಈ ಲೆಕ್ಕಕ್ಕೆ ಬರುವುದಿಲ್ಲ. ಅಂತಾರಾಷ್ಟ್ರೀಯ ಲೋನ್‌ಗೂ ಫಿಫಾ 2022ರಿಂದ ಮಿತಿ ಹಾಕಿದೆ. 2024ರ ಜುಲೈನಿಂದ ಹೊರಗೆ ಆರು, ಒಳಗೆ ಆರು. 21 ಮೀರದ, ಕ್ಲಬ್ಬೇ ಬೆಳೆಸಿದ ಆಟಗಾರರಿಗೆ ವಿನಾಯಿತಿ ಇದೆ.

ಮುಚ್ಚಿ ನೋಡಿದವರು ಏನು ಮಾಡಿದರು ಎಂಬುದನ್ನೂ ನೋಡಿ. ಜರ್ಮನಿಯಲ್ಲಿ 2014ರಲ್ಲಿ ಎರಡನೇ ತಂಡ ಕಡ್ಡಾಯವಲ್ಲ ಎಂದಾದಾಗ ಐನ್‌ಟ್ರಾಕ್ಟ್ ಫ್ರಾಂಕ್‌ಫರ್ಟ್ ತನ್ನದನ್ನು ಮುಚ್ಚಿತು, 2022ರಲ್ಲಿ ಮತ್ತೆ ಶುರುಮಾಡಿತು. ಪೋರ್ಚುಗಲ್‌ನ ಸ್ಪೋರ್ಟಿಂಗ್ 2018ರಲ್ಲಿ ಮುಚ್ಚಿ 2020ರಲ್ಲಿ ತೆರೆಯಿತು. ಹಾಗೆಂದು ತಂಡವಿದ್ದರೆ ಸಾಲದು. ಎಸಿ ಮಿಲಾನ್ 2024ರಲ್ಲಿ ಕಟ್ಟಿದ ಮಿಲಾನ್ ಫುತೂರೊ ಇಟಲಿಯ ಮೂರನೇ ದರ್ಜೆಯಿಂದ ಮೊದಲ ಋತುವಿನಲ್ಲೇ ಜಾರಿತು. ಹುಡುಗರನ್ನೇ ತುಂಬಿಕೊಂಡ ತಂಡಕ್ಕೆ ಗೆರೆಯ ಒಳಗೆ ನಿಂತು ಕೂಗಿ ಹೇಳುವ ಇಬ್ಬರು ಹಿರಿಯರಾದರೂ ಬೇಕು, ಒಬ್ಬ ಸ್ಟಾಪರ್ ಮತ್ತು ಒಬ್ಬ ಮಿಡ್‌ಫೀಲ್ಡರ್.

ಪ್ರಶ್ನೆ: ಗಾಯದಿಂದ ಮರಳುವವರನ್ನೂ ಹಿಂದಿನ ದಿನ ಸ್ವಲ್ಪವೇ ಆಡಿದವರನ್ನೂ ಎರಡನೇ ತಂಡದ ಪಂದ್ಯದಲ್ಲಿ ಆಡಿಸುತ್ತೇವೆ. ಈ ಋತುವಿನಲ್ಲಿ ಇಬ್ಬರಿಗೆ ತೊಡೆಯ ಹಿಂಭಾಗದ ಸ್ನಾಯು ಹರಿಯಿತು. ಎಲ್ಲಿ ತಪ್ಪುತ್ತಿದೆ?
ಕೋಚ್, ಮಂಗಳೂರು

ಉತ್ತರ: ಬಹುಶಃ ನಿಮಿಷಗಳ ಲೆಕ್ಕದಲ್ಲಿ. ಶನಿವಾರ 25 ನಿಮಿಷ ಆಡಿದವನು "ಏನೂ ಆಡಿಲ್ಲ" ಎಂದು ಭಾನುವಾರ 90 ನಿಮಿಷ ಆಡುತ್ತಾನೆ. ಆದರೆ ಬದಲಿಯಾಗಿ ಬಂದವನು ಆ 25 ನಿಮಿಷವೂ ಜೀವ ಬಿಟ್ಟು ಓಡಿರುತ್ತಾನೆ, ಅದೂ ಬೆಂಚಿನಲ್ಲಿ ತಣ್ಣಗಾದ ಮೈಯಲ್ಲಿ. ಎರಡು ದಿನ ಸೇರಿ 75 ನಿಮಿಷ ದಾಟಿಸಬೇಡಿ. ಶನಿವಾರ 25 ಆದರೆ ಭಾನುವಾರ ಮೊದಲಾರ್ಧ ಮಾತ್ರ. 45 ನಿಮಿಷಕ್ಕಿಂತ ಹೆಚ್ಚು ಆಡಿದವನಿಗೆ ಭಾನುವಾರ ವಿಶ್ರಾಂತಿ.

ಗಾಯದಿಂದ ಬಂದವನು ಮೊದಲು ತಂಡದ ಜೊತೆ ಕನಿಷ್ಠ ಒಂದು ವಾರ ಯಾವ ವಿನಾಯಿತಿಯೂ ಇಲ್ಲದೆ ಅಭ್ಯಾಸ ಮಾಡಿ, ಪೂರ್ಣ ವೇಗದಲ್ಲಿ ಓಡಿ ನೋವಿಲ್ಲ ಅನ್ನಬೇಕು. ಆಮೇಲೆ 30, 60, 75 ನಿಮಿಷ ಹೀಗೆ ಮೂರು ಪಂದ್ಯ, ನಡುವೆ ನಾಲ್ಕೈದು ದಿನ ಬಿಡುವು. ಅವನನ್ನು ಕೊನೆಯ ಅರ್ಧ ಗಂಟೆಗೆ ಇಳಿಸುವ ಬದಲು ಮೊದಲಿನಿಂದ ಆಡಿಸಿ ಹೊರಗೆ ಕರೆಯಿರಿ. ಆಗ ಮೈ ಪೂರ್ತಿ ಬಿಸಿಯಾದ ಮೇಲೆ ಇಳಿದಂತಾಗುತ್ತದೆ. 60 ನಿಮಿಷದ ಪಂದ್ಯದಲ್ಲಿ ಅಪಾಯ ಇರುವುದು ವಿರಾಮದ ಬಳಿಕ. ಹದಿನೈದು ನಿಮಿಷ ಕೂತು ಎದ್ದವನು ನೇರ ಓಡಬಾರದು. ಉಳಿದವರಿಗಿಂತ ಐದು ನಿಮಿಷ ಮೊದಲೇ ಹೊರಬಂದು ನಾಲ್ಕಾರು ಸಲ ವೇಗ ಏರಿಸುತ್ತಾ ಓಡಲಿ. ನಿಲ್ಲಿಸುವ ಗಡಿಯಾರ ಫಿಸಿಯೊ ಕೈಯಲ್ಲಿರಲಿ, ಕೋಚ್ ಕೈಯಲ್ಲಿ ಬೇಡ. ಸ್ಕೋರು 1–1 ಇದ್ದಾಗ "ಇನ್ನು ಐದೇ ನಿಮಿಷ" ಅನ್ನದ ಕೋಚ್ ಇಲ್ಲ. ಆ ಐದು ನಿಮಿಷದಲ್ಲೇ ಸ್ನಾಯು ಹರಿಯುವುದು. ಇಂಥ ಇಬ್ಬರು ಆಡುತ್ತಿದ್ದರೆ ಎರಡು ಬದಲಿಗಳನ್ನು ಅವರಿಗೆಂದೇ ಉಳಿಸಿಕೊಳ್ಳಿ. ಮೊದಲ ಪಂದ್ಯ ಕೃತಕ ಹುಲ್ಲಿನ ಮೇಲೆ ಬೇಡ.

ಆಡದೇ ಉಳಿದವರಿಗೆ ಭಾನುವಾರ ಪಂದ್ಯವಿಲ್ಲದಿದ್ದರೆ ಅಭ್ಯಾಸ ಹೀಗಿರಲಿ: ಮೈ ಬಿಸಿ ಮಾಡಿ ಹದಿನೈದು ನಿಮಿಷ ಚಿಕ್ಕ ಪಾಸ್‌ಗಳ ಆಟ, ನಂತರ 30 ಮೀಟರ್ ಉದ್ದ 25 ಮೀಟರ್ ಅಗಲದ ಜಾಗದಲ್ಲಿ ನಾಲ್ವರ ಎದುರು ನಾಲ್ವರು, ನಾಲ್ಕು ನಿಮಿಷದ ನಾಲ್ಕು ಸುತ್ತು, ನಡುವೆ ಎರಡು ನಿಮಿಷ ಬಿಡುವು. ಕೊನೆಗೆ 50 ಮೀಟರ್‌ನ ಆರರಿಂದ ಎಂಟು ಓಟ, ನಡೆದು ವಾಪಸ್. ಈ ಉದ್ದದ ಓಟ ಬಿಟ್ಟರೆ ಉಳಿದದ್ದೆಲ್ಲ ಸಣ್ಣ ಜಾಗದ ಆಟ. ಅದರಲ್ಲಿ ಪೂರ್ಣ ವೇಗ ಬರುವುದೇ ಇಲ್ಲ, ಮುಂದಿನ ಶನಿವಾರ ಮೊದಲ ಉದ್ದ ಓಟಕ್ಕೇ ಕಾಲು ಹಿಡಿಯುತ್ತದೆ.

ಪ್ರಶ್ನೆ: ನಮ್ಮ ಮಗನಿಗೆ 18 ತುಂಬಿದೆ. ದೊಡ್ಡ ಕ್ಲಬ್ಬೊಂದರ ರಿಸರ್ವ್ ತಂಡ ಕರೆಯುತ್ತಿದೆ. ಚಿಕ್ಕ ಕ್ಲಬ್ಬಿನ ಸೀನಿಯರ್ ತಂಡದಲ್ಲೂ ಜಾಗವಿದೆ. ಯಾವುದಕ್ಕೆ ಸಹಿ ಹಾಕಿಸಲಿ?
ತಾಯಿ, ದಾವಣಗೆರೆ

ಉತ್ತರ: ದೊಡ್ಡ ಕ್ಲಬ್ಬಿನವರಿಗೆ ಮೊದಲು ಈ ಪ್ರಶ್ನೆ ಕೇಳಿ, ಅಮ್ಮ: ಕಳೆದ ಎರಡು ಋತುವಿನಲ್ಲಿ ರಿಸರ್ವ್ ತಂಡದಿಂದ ಎಷ್ಟು ಮಂದಿ ಸೀನಿಯರ್ ಪಂದ್ಯ ಆಡಿದರು, ಅವರ ಹೆಸರೇನು? ಹೆಸರು ಹೇಳಲು ತಡವರಿಸಿದರೆ ಚಿಕ್ಕ ಕ್ಲಬ್ಬೇ ವಾಸಿ. ಎರಡನೆಯದು, ಈ ವರ್ಷ ರಿಸರ್ವ್ ತಂಡ ಯಾವ ಯಾವ ಲೀಗ್ ಆಡುತ್ತದೆ, ಒಟ್ಟು ಎಷ್ಟು ಪಂದ್ಯ? ನಮ್ಮ ಅಂದಾಜಿನಲ್ಲಿ ಈ ವಯಸ್ಸಿನವನಿಗೆ ವರ್ಷಕ್ಕೆ 25 ಪಂದ್ಯವಾದರೂ ಬೇಕು. ಹತ್ತು ಹನ್ನೆರಡು ಪಂದ್ಯಕ್ಕೆ ಹನ್ನೊಂದು ತಿಂಗಳು ಹಾಸ್ಟೆಲ್‌ನಲ್ಲಿ ಕೂರುವುದು ಅವನ ಆಟಕ್ಕೂ ಓದಿಗೂ ನಷ್ಟ.

ಕರಾರನ್ನು ವಕೀಲರೊಬ್ಬರಿಗೆ ತೋರಿಸಿ. ಮೊಣಕಾಲಿನ ಶಸ್ತ್ರಚಿಕಿತ್ಸೆ ಆದರೆ ಆಸ್ಪತ್ರೆ ಖರ್ಚು ಮತ್ತು ಆಮೇಲಿನ ಎಂಟು ಒಂಬತ್ತು ತಿಂಗಳ ಫಿಸಿಯೊ ಯಾರದ್ದು, ಆ ಅವಧಿಯಲ್ಲಿ ಸಂಬಳ ಬರುತ್ತದೆಯೇ, ಪದವಿ ಪರೀಕ್ಷೆಗೆ ರಜೆ ಸಿಗುತ್ತದೆಯೇ, ಬಿಡುವಾಗ ಎನ್‌ಒಸಿ ಎಷ್ಟು ದಿನದಲ್ಲಿ ಕೊಡುತ್ತಾರೆ ಎಂಬುದು ಕಾಗದದ ಮೇಲೆ ಇರಲಿ. ಫಿಫಾ ನಿಯಮದಲ್ಲಿ 18 ತುಂಬದವರ ಕರಾರು ಮೂರು ವರ್ಷ ಮೀರುವಂತಿಲ್ಲ, ತುಂಬಿದವರದ್ದು ಸಾಮಾನ್ಯವಾಗಿ ಐದು. ನಿಮ್ಮ ಮಗನಿಗೆ ಐದು ವರ್ಷದ ಕಾಗದ ಕೊಟ್ಟರೆ ಎರಡಕ್ಕೆ ಇಳಿಸಲು ಕೇಳಿ.

ಪ್ರಶ್ನೆ: ನಮ್ಮ ಎರಡನೇ ತಂಡದ ಹುಡುಗ ಮುಂದೆ ಹೊರದೇಶದ ಕ್ಲಬ್ಬಿಗೆ ಮಾರಾಟವಾದರೆ ನಮಗೆ ಪಾಲು ಬರುತ್ತದೆಯೇ?
ಕ್ಲಬ್ ಖಜಾಂಚಿ, ಶಿವಮೊಗ್ಗ

ಉತ್ತರ: ಬರುತ್ತದೆ. ಕರಾರು ಮುಗಿಯುವ ಮೊದಲೇ ಆಟಗಾರ ಹೊರದೇಶಕ್ಕೆ ವರ್ಗಾವಣೆಯಾದಾಗ ಶುಲ್ಕದ ಶೇ 5ರಷ್ಟನ್ನು ಅವನನ್ನು 12ರಿಂದ 23ರವರೆಗೆ ಬೆಳೆಸಿದ ಕ್ಲಬ್‌ಗಳಿಗೆ ಹಂಚಬೇಕು. 12ರಿಂದ 15ರ ಪ್ರತಿ ವರ್ಷಕ್ಕೆ ಶೇ 0.25, 16ರಿಂದ 23ರ ಪ್ರತಿ ವರ್ಷಕ್ಕೆ ಶೇ 0.5. ನಿಮ್ಮಲ್ಲಿ 17ರಿಂದ 19ರವರೆಗೆ ಮೂರು ಋತು ಆಡಿದವನು ಒಂದು ಕೋಟಿ ರೂಪಾಯಿಗೆ ಹೋದರೆ ನಿಮ್ಮ ಪಾಲು ಒಂದೂವರೆ ಲಕ್ಷ. ಅವನ ನೋಂದಣಿ ನಿಮ್ಮ ಕ್ಲಬ್ಬಿನ ಹೆಸರಿನಲ್ಲಿ ಪ್ರತಿ ಋತುವೂ ಫೆಡರೇಷನ್ ದಾಖಲೆಯಲ್ಲಿ ಇದ್ದರೆ ಮಾತ್ರ. ಸ್ಥಳೀಯ ಲೀಗಿಗೆ ಕೈಬರಹದ ಫಾರಂ ಕೊಟ್ಟು ಸುಮ್ಮನಿದ್ದರೆ ಆ ವರ್ಷ ಲೆಕ್ಕಕ್ಕಿಲ್ಲ. ಪ್ರತಿ ಋತುವಿನ ನೋಂದಣಿಯ ಪ್ರತಿಯನ್ನು ಆಟಗಾರನ ಹೆಸರಿನ ಕಡತದಲ್ಲಿ ಇಡಿ, ಆದರೆ ಈ ಹಣವನ್ನು ನಂಬಿ ವಾರ್ಷಿಕ ಬಜೆಟ್ ಬರೆಯಬೇಡಿ.